ಸಾಕುನಾಯಿಯ ತುರಿಕೆ: ಸಾಕುವವರ ಹೊಣೆ

ಈ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ವಾಣಿಜ್ಯ ಪದವೀಧರ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಸಾಲಪತ್ರಗಳ ಮತ್ತು ಖಾತೆಗಳ ನಡುವೆ ಬದುಕಿದವನು. ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳನ್ನು ಕುರಿತು ಅಧಿಕಾರದಿಂದ ಬರೆಯಬಲ್ಲ ವೈದ್ಯಮಿತ್ರರು ನಮ್ಮ ಸಂಘದಲ್ಲಿಯೇ ಇದ್ದಾರೆ. ಅವರ ಕ್ಷೇತ್ರಕ್ಕೆ ಕಾಲಿಡುವ ಧೈರ್ಯ ನನಗಿಲ್ಲ. ಆದರೆ ನಮ್ಮ ಅನೇಕ ಮನೆಗಳಲ್ಲಿ ಇನ್ನೊಬ್ಬ ರೋಗಿ ಇರುವುದುಂಟು. ಅವನು ತನ್ನ ಬಾಧೆಯನ್ನು ಬಾಯಿಬಿಟ್ಟು ಹೇಳಲಾರ. ಕಾಲಿನಿಂದ ಕೆರೆದುಕೊಂಡು, ಹಲ್ಲಿನಿಂದ ಕಚ್ಚಿಕೊಂಡು ತೋರಿಸಬಲ್ಲನಷ್ಟೆ. ಮನೆಯ ಸಾಕುನಾಯಿಯನ್ನು ಕುರಿತು ನಾನು ಹೇಳುತ್ತಿದ್ದೇನೆ. ಆರೋಗ್ಯ ವಿಭಾಗದಲ್ಲಿ ನಾಯಿಯ ಮಾತೇಕೆ ಎಂದು ಕೆಲವರು ನಗಬಹುದು. ಕೊನೆಯವರೆಗೆ ಓದಿದ ಮೇಲೆ ನಗುವುದಾದರೆ ನನ್ನ ಆಕ್ಷೇಪವಿಲ್ಲ.

ನಮ್ಮ ಊರುಗಳಲ್ಲಿ ನಾಯಿಯೆಂದರೆ ಅಂಗಳದ ಪ್ರಾಣಿ. ಹಟ್ಟಿಯ ಬದಿಯಲ್ಲಿ ಮಲಗಿ, ಮಣ್ಣಿನಲ್ಲಿ ಹೊರಳಿ, ಉಳಿದ ಅನ್ನವನ್ನು ತಿಂದು ಬೆಳೆಯುತ್ತಿತ್ತು. ಮುಂಬಯಿಗೆ ಬಂದ ನಾವು ಎರಡು ಕೋಣೆಗಳ ಮನೆಯಲ್ಲಿ ಮಕ್ಕಳ ಆಸೆಗಾಗಿ ಸ್ಪಿಟ್ಸ್, ಪಗ್, ಡ್ಯಾಷ್‌ಹುಂಡ್, ಶಿಟ್ಜು ಮೊದಲಾದ ಸಣ್ಣ ಜಾತಿಯ ನಾಯಿಗಳನ್ನು ತಂದುಕೊಳ್ಳುತ್ತೇವೆ. ನಾಯಿ ಮನೆಯೊಳಕ್ಕೆ ಬಂದಿದೆ; ಅದನ್ನು ನೋಡಿಕೊಳ್ಳುವ ತಿಳಿವಳಿಕೆ ಮಾತ್ರ ಅಂಗಳದಲ್ಲಿಯೇ ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನಾನೇ ಸಾಕ್ಷಿ.

ನಮ್ಮ ಮನೆಯ ಕಥೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಬೆಳ್ಳಿ ಎಂಬ ಬಿಳಿಯ ಸ್ಪಿಟ್ಸ್ ಇದೆ. ಈ ಜಾತಿಯನ್ನು ನಮ್ಮಲ್ಲಿ ಪಾಮೆರೇನಿಯನ್ ಎಂದು ಕರೆಯುವುದೇ ರೂಢಿ. ತೂಕ ಏಳು ಕಿಲೋಗ್ರಾಂ. ಎರಡು ವರ್ಷಗಳ ಹಿಂದೆ, ಮಳೆಗಾಲದ ಆರಂಭದಲ್ಲಿ, ಅದು ಹಗಲುರಾತ್ರಿ ಮೈ ಕೆರೆದುಕೊಳ್ಳತೊಡಗಿತು. ಬೆನ್ನಿನ ಮೇಲೆ ತಲೆಹೊಟ್ಟಿನಂತಹ ಬಿಳಿಯ ಪುಡಿ ಕಾಣಿಸಿತು. ಬಾಲದ ಬುಡದಲ್ಲಿ ಕೂದಲು ಉದುರಿತು. ಚರ್ಮ ಒಣಗಿದೆಯೆಂದು ನಾವೇ ತೀರ್ಮಾನಿಸಿದೆವು. ಯಾರನ್ನೂ ಕೇಳಲಿಲ್ಲ.

ತೀರ್ಮಾನವಾದ ಮೇಲೆ ಚಿಕಿತ್ಸೆಗೆ ಕೊರತೆಯೇನು? ನಾವು ಮೈಗೆ ಹಚ್ಚಿಕೊಳ್ಳುವ ಸಾಬೂನಿನಿಂದಲೇ ವಾರಕ್ಕೆ ಎರಡು ಬಾರಿ ಸ್ನಾನ. ಅನಂತರ ಊರಿನಿಂದ ಬಂದ ಕೊಬ್ಬರಿ ಎಣ್ಣೆಯ ಲೇಪನ. ಒಬ್ಬರು ಅರಸಿನವೆಂದರು, ಮತ್ತೊಬ್ಬರು ಬೇವಿನೆಣ್ಣೆಯೆಂದರು, ಎಲ್ಲವೂ ಆಯಿತು. ಕೊನೆಗೆ ನೆರೆಯವರೊಬ್ಬರು ತಮ್ಮ ಉಬ್ಬಸಕ್ಕಾಗಿ ತಂದು ಉಳಿದಿದ್ದ ಪ್ರೆಡ್ನಿಸೋಲೋನ್ ಮಾತ್ರೆಗಳನ್ನು ಕೊಟ್ಟು, ತಮ್ಮ ಬಂಧುಗಳ ನಾಯಿಗೂ ಇದರಿಂದಲೇ ವಾಸಿಯಾಯಿತೆಂದರು. ನಾನು ಅರ್ಧರ್ಧ ಮಾತ್ರೆಯನ್ನು ಕೊಡತೊಡಗಿದೆ. ಮೂರನೆಯ ದಿನ ತುರಿಕೆ ನಿಂತಿತು! ನಾನು ಬೀಗಿದೆ. ಮಾತ್ರೆಯನ್ನು ನಿಲ್ಲಿಸಿದ ವಾರದಲ್ಲಿಯೇ ತುರಿಕೆ ಮರಳಿತು. ಮತ್ತೆ ಮಾತ್ರೆ ಕೊಟ್ಟೆ. ಹೀಗೆ ಸುಮಾರು ಒಂದು ತಿಂಗಳು ಕಳೆಯಿತು.

ಈ ನಡುವೆ ಬೆಳ್ಳಿಗೆ ವಿಪರೀತ ಬಾಯಾರಿಕೆ ಹತ್ತಿತು. ಮಡಕೆಯಷ್ಟು ನೀರು ಕುಡಿದು ಮನೆಯೊಳಗೆಲ್ಲ ಮೂತ್ರ ಮಾಡತೊಡಗಿತು. ನಾಲ್ಕು ವರ್ಷ ಒಮ್ಮೆಯೂ ಹಾಗೆ ಮಾಡದ ನಾಯಿ ಅದು. ಬೆಳಿಗ್ಗೆ ಏಳು ಗಂಟೆಯ ಲೋಕಲ್ ಹಿಡಿದು ಹೋಗಿ ರಾತ್ರಿ ಎಂಟೂವರೆಗೆ ಬಳಲಿ ಬರುವ ನಾನು, ಬಾಗಿಲು ತೆರೆದೊಡನೆ ನೆಲದ ಮೇಲಿನ ಮೂತ್ರವನ್ನು ಕಂಡು, ಮಡಿಸಿದ ವೃತ್ತಪತ್ರಿಕೆಯಿಂದ ಅದನ್ನು ಹೊಡೆದೆ. ಒಂದು ದಿನವಲ್ಲ, ಮೂರು ನಾಲ್ಕು ದಿನ. ಈ ಮಾತನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾಯಿಯ ರೋಗ ಮಕ್ಕಳಿಗೆ ಅಂಟೀತೆಂದು ಕಟ್ಟಡದವರು ಗೊಣಗಿದರು. ಯಾರಾದರೂ ಒಯ್ಯುವುದಾದರೆ ಕೊಟ್ಟುಬಿಡೋಣವೆಂದು ನಾನು ಮನೆಯಲ್ಲಿ ಪ್ರಸ್ತಾಪಿಸಿದೆ. ಅಷ್ಟರಲ್ಲಿ ಊರಿನಿಂದ ಬಂದಿದ್ದ ನನ್ನ ತಾಯಿಯವರು, ನಾಯಿಯನ್ನು ಎಂದೂ ಅಡಿಗೆಮನೆಯ ಹೊಸ್ತಿಲು ದಾಟಗೊಡದವರು, ಒಂದು ಮಾತು ಹೇಳಿದರು: "ಅದಕ್ಕೆ ಬಾಯಿಲ್ಲ ಮಗಾ, ಸರಿ. ನಿನಗೆ ಕಣ್ಣಿಲ್ಲವೇ? ಡಾಕ್ಟರರಿಗೆ ತೋರಿಸಿದೆಯಾ?" ತೋರಿಸಿರಲಿಲ್ಲ. ಎರಡು ತಿಂಗಳಲ್ಲಿ ಒಮ್ಮೆಯೂ ತೋರಿಸಿರಲಿಲ್ಲ.

ಒದ್ದೆ ಕಾಗದದ ಪರೀಕ್ಷೆ

ಪಶುವೈದ್ಯರು ನಡುವಯಸ್ಸಿನ ಮಹಿಳೆ. ನನ್ನ ವರದಿಯನ್ನು ಪೂರ್ತಿ ಕೇಳಿ ಅವರು ಹಾಕಿದ ಮೊದಲ ಪ್ರಶ್ನೆಗೇ ನಾನು ನಿರುತ್ತರನಾದೆ. ಮಳೆಗಾಲದ ಮುಂಬಯಿಯಲ್ಲಿ ಗೋಡೆಗಳೇ ಬೆವರುತ್ತಿರುವಾಗ ನಾಯಿಯ ಚರ್ಮವೊಂದು ತಾನಾಗಿ ಒಣಗಿತೆಂದು ಹೇಗೆ ನಂಬಿದಿರಿ ಎಂದು ಅವರು ಕೇಳಿದರು. ಬಳಿಕ ಒತ್ತುಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆ ಮಾಡಿದ ಬಿಳಿಯ ಕಾಗದದ ಮೇಲೆ ಹಾಕಿದರು. ಅರೆಕ್ಷಣದಲ್ಲಿ ಕಣಗಳ ಸುತ್ತ ಕೆಂಗಂದು ಬಣ್ಣ ಹರಡಿತು. ಅದು ಚಿಗಟದ ಮಲ; ಹೀರಿದ ರಕ್ತವೇ ಹಾಗೆ ಹೊರಬಂದಿರುತ್ತದೆ. ಬರಿಯ ಧೂಳಾಗಿದ್ದರೆ ಕೆಂಪಾಗುತ್ತಿರಲಿಲ್ಲ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಬೆಲೆ ಒಂದು ತುಂಡು ಕಾಗದ.

ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಚರ್ಮವನ್ನು ಹಗುರವಾಗಿ ಕೆರೆದು, ಅಂಟುಪಟ್ಟಿಯನ್ನು ಒತ್ತಿ ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರು. ನುಸಿಗಳು ಕಾಣಲಿಲ್ಲ, ಬ್ಯಾಕ್ಟೀರಿಯ ಮತ್ತು ಯೀಸ್ಟ್ ಎರಡೂ ಹೆಚ್ಚಿದ್ದವು. ನಿರ್ಣಯ ಹೀಗಾಯಿತು: ಚಿಗಟದ ಕಡಿತದಿಂದ ಅಲರ್ಜಿ, ಕೆರೆದ ಗಾಯಕ್ಕೆ ಸೋಂಕು, ಪದೇಪದೇ ಸಾಬೂನು ಹಚ್ಚಿದ್ದರಿಂದ ಚರ್ಮದ ರಕ್ಷಣೆಯ ನಾಶ. ಮೂರರಲ್ಲಿ ಒಂದು ನಮ್ಮದೇ ಕೊಡುಗೆ. ಬಾಯಾರಿಕೆ, ಮೂತ್ರಗಳು ರೋಗದಿಂದ ಬಂದವಲ್ಲ. ನಾನು ಕೊಟ್ಟ ಮಾತ್ರೆಯಿಂದ ಬಂದವು. ಸ್ಟೀರಾಯ್ಡ್ ಔಷಧಗಳ ಪರಿಚಿತ ಪರಿಣಾಮವೇ ಅದು. ಹೆಚ್ಚು ದಿನ ಕೊಟ್ಟ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೆಂದು ಹೇಳಿ, ಕ್ರಮವಾಗಿ ಇಳಿಸುವ ವಿಧಾನವನ್ನು ಬರೆದುಕೊಟ್ಟರು. ನಾನು ಮಾಡಿದ ತಪ್ಪಿಗೆ ಬೆಳ್ಳಿ ಪೆಟ್ಟು ತಿಂದಿತ್ತು.

ತುರಿಕೆ ರೋಗವಲ್ಲ, ಲಕ್ಷಣ

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಯೆಂಬುದೊಂದು ಉಂಟು. ಯಾವ ಬಾಬಿಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಇಡುತ್ತೇವೆ. ಮೂಲವನ್ನು ಹುಡುಕದೆ ಅದನ್ನು ಅಲ್ಲಿಯೇ ಬಿಟ್ಟರೆ ಲೆಕ್ಕ ಹೊಂದಿದಂತೆ ಕಾಣುತ್ತದೆ; ಆದರೆ ತಪ್ಪು ಒಳಗೇ ಬೆಳೆಯುತ್ತದೆ. ಮೂಲವನ್ನು ಅರಿಯದೆ ತುರಿಕೆಯನ್ನು ಅಡಗಿಸುವ ಮಾತ್ರೆಯೂ ಅಂತಹದೇ. ವೈದ್ಯರು ಕಾರಣ ತಿಳಿದು, ಪ್ರಮಾಣ ಗೊತ್ತುಮಾಡಿ ಕೊಟ್ಟಾಗ ಸ್ಟೀರಾಯ್ಡ್ ಉಪಕಾರಿಯೇ ಹೌದು. ನೆರೆಯವರ ಪೆಟ್ಟಿಗೆಯಿಂದ ಬಂದಾಗ ಅದು ಅಪಾಯಕಾರಿ.

ನಾಯಿಯ ತುರಿಕೆಗೆ ಕಾರಣಗಳು ಹಲವು. ಎಲ್ಲಿ ಕೆರೆದುಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ವೈದ್ಯರಿಗೆ ಅರ್ಧ ದಾರಿ ತೋರಿಸಿದಂತೆ. ಬಾಲದ ಬುಡ, ಬೆನ್ನಿನ ಹಿಂಭಾಗವಾದರೆ ಮೊದಲ ಸಂಶಯ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈಗಳಲ್ಲಿ ತೀವ್ರ ನವೆಯಾದರೆ ಕಜ್ಜಿಯ ನುಸಿ ಇರಬಹುದು. ಈ ಕಜ್ಜಿ ಮನೆಯವರಿಗೂ ತಾತ್ಕಾಲಿಕವಾಗಿ ಹತ್ತುವುದುಂಟಾದುದರಿಂದ ತಡಮಾಡಬಾರದು. ಪಾದಗಳನ್ನು ನೆಕ್ಕುವುದು, ಕಿವಿ, ಮುಖ, ಹೊಟ್ಟೆಗಳನ್ನು ಉಜ್ಜಿಕೊಳ್ಳುವುದು ಧೂಳಿನ ನುಸಿ, ಪರಾಗ ಮೊದಲಾದವುಗಳ ಅಲರ್ಜಿಯಲ್ಲಿಯೂ ಆಹಾರದ ಅಲರ್ಜಿಯಲ್ಲಿಯೂ ಸಾಮಾನ್ಯ. ಕೂದಲು ಉದುರಿಯೂ ತುರಿಕೆ ಹೆಚ್ಚಿಲ್ಲದಿದ್ದರೆ ಥೈರಾಯ್ಡ್ ಮುಂತಾದ ಗ್ರಂಥಿಗಳ ದೋಷವಿದ್ದೀತು. ಇಷ್ಟೆಲ್ಲವೂ ನೋಡುವವರ ಕಣ್ಣಿಗೆ "ಒಣಚರ್ಮ" ಎಂಬ ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು.

ಚಿಗಟದ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು ನಾಯಿಯನ್ನು ಮಾತ್ರ ನೋಡುವುದು. ಪ್ರಾಯದ ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳನ್ನಿಡಬಲ್ಲದು. ಮೊಟ್ಟೆಗಳು ನಾಯಿಯ ಮೈಯಿಂದ ಉದುರಿ ಹಾಸಿಗೆ, ಜಮಖಾನ, ಸೋಫಾದ ಸಂದುಗಳನ್ನು ಸೇರುತ್ತವೆ. ಒಂದು ಮನೆಯ ಚಿಗಟಗಳಲ್ಲಿ ಸುಮಾರು ನೂರಕ್ಕೆ ಐದರಷ್ಟು ಮಾತ್ರ ನಾಯಿಯ ಮೈಮೇಲಿರುತ್ತವೆ. ಉಳಿದವು ಮೊಟ್ಟೆ, ಮರಿ, ಕೋಶಗಳ ರೂಪದಲ್ಲಿ ಮನೆಯಲ್ಲಿರುತ್ತವೆ ಎಂಬುದು ತಜ್ಞರ ಅಂದಾಜು. ನಮ್ಮ ಮನೆಯಲ್ಲಿ ಅವುಗಳ ಠಾವು ಊರಿನಿಂದ ತಂದ ಒಂದು ಹಳೆಯ ಜಮಖಾನವಾಗಿತ್ತು. ನಾಯಿಗೆ ಔಷಧ ಹಾಕುವುದರೊಡನೆ ಅದರ ಹಾಸಿಗೆಯನ್ನು ವಾರವಾರ ಬಿಸಿನೀರಿನಲ್ಲಿ ಒಗೆಯಬೇಕು. ಮಂಚದಡಿ, ಮೂಲೆಗಳನ್ನು ಯಂತ್ರದಿಂದ ಇಲ್ಲವೇ ಪೊರಕೆಯಿಂದ ಚೊಕ್ಕಟ ಮಾಡಬೇಕು. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಕಾದಿರಬಲ್ಲದಾದುದರಿಂದ ಈ ಕ್ರಮವನ್ನು ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಬೇಕು. ಒಂದು ಸಲ ಔಷಧ ಹಾಕಿ ಫಲವಿಲ್ಲವೆನ್ನುವವರು ನಡುದಾರಿಯಲ್ಲಿ ನಿಂತವರು.

ಸ್ನಾನ, ಎಣ್ಣೆ, ಆಹಾರ

ನಮ್ಮ ಮಡಿಯ ಸಂಸ್ಕಾರದಲ್ಲಿ ಸ್ನಾನವೆಂದರೆ ಹೆಚ್ಚಿದಷ್ಟೂ ಒಳ್ಳೆಯದು. ನಾಯಿಯ ಚರ್ಮಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮನುಷ್ಯನ ಹೊರಚರ್ಮದಲ್ಲಿ 10ರಿಂದ 15 ಕೋಶಪದರಗಳಿದ್ದರೆ ನಾಯಿಯಲ್ಲಿ 3ರಿಂದ 5 ಮಾತ್ರ. ನಮ್ಮ ಚರ್ಮ ತುಸು ಆಮ್ಲೀಯ. ಅದರದು ತಟಸ್ಥಕ್ಕೆ ಹತ್ತಿರ. ನಮಗೆ ಸಹ್ಯವಾದ ಸಾಬೂನು ಅದರ ರಕ್ಷಕ ಜಿಡ್ಡನ್ನು ತೊಳೆದುಬಿಡುತ್ತದೆ. ಆದುದರಿಂದ ನಾಯಿಗೆಂದೇ ತಯಾರಾದ ಮೃದುವಾದ ಶಾಂಪೂ, ಉಗುರುಬೆಚ್ಚಗಿನ ಅಥವಾ ತಣ್ಣನೆಯ ನೀರು ಇವು ಯುಕ್ತ. ಓಟ್ಸ್ ಬೆರೆತ ಶಾಂಪೂ ಒಣ ನವೆಯನ್ನು ಕೊಂಚ ಶಮನಗೊಳಿಸುತ್ತದೆ. ವೈದ್ಯರು ಔಷಧಿಯ ಶಾಂಪೂ ಕೊಟ್ಟಿದ್ದರೆ ಸಾಮಾನ್ಯವಾಗಿ ಹತ್ತು ನಿಮಿಷ ಮೈಮೇಲಿರಿಸಿ, ಬಳಿಕ ಅಂಶವೂ ಉಳಿಯದಂತೆ ತೊಳೆಯಬೇಕು. ಹೀಗೆ ಮಾಡುವ ಸ್ನಾನ ವಾರಕ್ಕೊಮ್ಮೆಯೇ, ತಿಂಗಳಿಗೊಮ್ಮೆಯೇ ಎಂಬುದನ್ನು ವೈದ್ಯರೇ ಹೇಳಬೇಕು. ಮಳೆಗಾಲದಲ್ಲಿ ಕೂದಲಿನ ಬುಡದವರೆಗೆ ಒಣಗಿಸುವುದು ಅತ್ಯಗತ್ಯ; ತೇವ ಉಳಿದಲ್ಲಿ ಯೀಸ್ಟ್ ಬೆಳೆಯುತ್ತದೆ. ಸೆಖೆಯೆಂದು ಸ್ಪಿಟ್ಸ್‌ನಂತಹ ಎರಡು ಪದರದ ಕೂದಲಿನ ನಾಯಿಯನ್ನು ಬೋಳಿಸಬೇಡಿರಿ. ಆ ಕೂದಲು ಬಿಸಿಲಿನಿಂದಲೂ ಅದನ್ನು ಕಾಯುತ್ತದೆ.

ಕೊಬ್ಬರಿ ಎಣ್ಣೆಯ ಮೇಲೆ ಕರಾವಳಿಯವನಾದ ನನಗೆ ಅಭಿಮಾನವಿದೆ. ಆದರೆ ಸೋಂಕಿರುವ ಚರ್ಮದ ಮೇಲೆ ಎಣ್ಣೆ ಸುರಿದು ಕಾರಣವನ್ನು ಮುಚ್ಚುವುದು ಚಿಕಿತ್ಸೆಯಲ್ಲ. ನಾಯಿ ಅದನ್ನೆಲ್ಲ ನೆಕ್ಕಿಬಿಡುತ್ತದೆ. ಒಳಗಿನಿಂದ ಸಹಾಯ ಮಾಡುವುದು ಮೀನೆಣ್ಣೆಯಲ್ಲಿನ ಒಮೇಗಾ-3. ನಾಯಿಯ ತೂಕವನ್ನು ನೋಡಿ ವೈದ್ಯರು ಪ್ರಮಾಣವನ್ನು ಹೇಳಬೇಕು. ಪರಿಣಾಮ ಕಾಣಲು ಆರು ವಾರಗಳಿಂದ ಮೂರು ತಿಂಗಳು ಬೇಕು.

ಇನ್ನು ಆಹಾರ. ಮೊಸರನ್ನ, ಚಪಾತಿ, ಬಿಸ್ಕತ್ತುಗಳಿಂದಲೇ ಬೆಳೆಯುವ ನಾಯಿಗೆ ಸಾಕಷ್ಟು ಪ್ರೋಟೀನು, ಅಗತ್ಯ ಕೊಬ್ಬಿನಾಮ್ಲಗಳು ದೊರೆಯುವುದಿಲ್ಲ. ಕೂದಲು ಕಳೆಗುಂದಿ ಹೊಟ್ಟು ಏಳುವುದು ಅದರಿಂದಲೂ ಆಗುತ್ತದೆ. ಆಹಾರದ ಅಲರ್ಜಿ ಬೇರೆಯೇ ವಿಷಯ. ಅದಕ್ಕೆ ಹೆಚ್ಚಾಗಿ ಕಾರಣವಾಗುವ ಪದಾರ್ಥಗಳಲ್ಲಿ ಗೋಮಾಂಸ, ಹಾಲಿನ ಪದಾರ್ಥ, ಕೋಳಿಮಾಂಸ, ಗೋಧಿ ಸೇರಿವೆ. ಅದನ್ನು ಪತ್ತೆಹಚ್ಚುವ ನೆಚ್ಚಬಹುದಾದ ಮಾರ್ಗವೆಂದರೆ ವೈದ್ಯರು ಸೂಚಿಸಿದ ಹೊಸ ಆಹಾರವೊಂದನ್ನೇ ಸುಮಾರು ಎಂಟು ವಾರ ಕೊಟ್ಟು, ಅನಂತರ ಹಳೆಯದನ್ನು ಮರಳಿ ಕೊಟ್ಟು ನೋಡುವುದು. ಆ ಎಂಟು ವಾರಗಳಲ್ಲಿ ಅಜ್ಜಿ ಕೊಡುವ ಒಂದು ತುಂಡು ಚಪಾತಿಯೂ ಪರೀಕ್ಷೆಯನ್ನು ಕೆಡಿಸುತ್ತದೆ. ಮನೆಯವರೆಲ್ಲರೂ ಒಪ್ಪಿಕೊಂಡರೆ ಮಾತ್ರ ಇದಕ್ಕೆ ಕೈಹಾಕಬೇಕು.

ಕೊಡಬಾರದ ಔಷಧಗಳು

ಮನೆಯ ಔಷಧಿಪೆಟ್ಟಿಗೆಯಿಂದ ನಾಯಿಗೆ ಏನನ್ನೂ ಕೊಡಬೇಡಿರಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಲ್ಲವು; ಸಣ್ಣ ನಾಯಿಗೆ ಒಂದೆರಡು ಮಾತ್ರೆಯೂ ಹೆಚ್ಚಾದೀತು. ಶೀತಕ್ಕೆ, ಅಲರ್ಜಿಗೆ ನಾವು ತೆಗೆದುಕೊಳ್ಳುವ ಕೆಲವು ಮಾತ್ರೆಗಳಲ್ಲಿ ಬೆರೆತಿರುವ ಸ್ಯೂಡೋಎಫೆಡ್ರಿನ್ ಅದರ ಹೃದಯಕ್ಕೂ ನರಗಳಿಗೂ ಅಪಾಯಕಾರಿ. ಟೀ ಟ್ರೀ ಎಣ್ಣೆ, ಜಿಂಕ್ ಆಕ್ಸೈಡ್ ಇರುವ ಮುಲಾಮುಗಳು ನೆಕ್ಕಿದರೆ ವಿಷ. ನುಸಿಗೆ ಕೊಡುವ ಐವರ್‌ಮೆಕ್ಟಿನ್ ಔಷಧದ ಹೆಚ್ಚಿನ ಪ್ರಮಾಣವನ್ನು ಕೋಲಿ ಮೊದಲಾದ ಕೆಲವು ಜಾತಿಗಳ ನಾಯಿಗಳು ತಾಳಲಾರವು. ಅದಕ್ಕೆ ಕಾರಣವಾದ ವಂಶವಾಹಿಯ ದೋಷ 2001ರಲ್ಲಿ ಪತ್ತೆಯಾಯಿತು. ಚಿಗಟ, ಉಣ್ಣಿಗಳಿಗಾಗಿ ಬಂದಿರುವ ಅಫಾಕ್ಸೊಲೇನರ್, ಫ್ಲೂರಲೇನರ್ ವರ್ಗದ ಮಾತ್ರೆಗಳು ಬಹಳ ಪರಿಣಾಮಕಾರಿ. ಆದರೂ ಹಿಂದೆ ಮೂರ್ಛೆ ಬಂದಿರುವ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ದೀರ್ಘಕಾಲದ ಅಲರ್ಜಿಗೆ ಸ್ಟೀರಾಯ್ಡ್ ಒಂದೇ ಗತಿಯೆಂಬ ಕಾಲವೂ ಕಳೆದಿದೆ. ಅಮೆರಿಕದಲ್ಲಿ 2013ರಲ್ಲಿ ಅನುಮತಿ ಪಡೆದ ಓಕ್ಲಾಸಿಟಿನಿಬ್ ನವೆಯ ಸಂದೇಶವನ್ನೇ ತಡೆಯುವ ಔಷಧ. ಯಾವುದು ಯಾರಿಗೆ ಎಂಬ ತೀರ್ಪು ಮಾತ್ರ ವೈದ್ಯರದು.

ಒಂದು ಆಕ್ಷೇಪಕ್ಕೆ ಉತ್ತರ

ಮನುಷ್ಯರಿಗೇ ಔಷಧವಿಲ್ಲದ ದೇಶದಲ್ಲಿ ನಾಯಿಯ ಚರ್ಮಕ್ಕೆ ಇಷ್ಟೊಂದು ಖರ್ಚೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನನ್ನ ಉತ್ತರ ಇಷ್ಟು. ನಾಯಿ ತಾನಾಗಿ ನಮ್ಮ ಮನೆಗೆ ಬಂದುದಲ್ಲ. ನಾವು ಹಣ ಕೊಟ್ಟು, ಸಂತೋಷಕ್ಕಾಗಿ ತಂದೆವು. ಸಾಲ ತೆಗೆದುಕೊಳ್ಳುವವನು ಕಂತನ್ನು ಲೆಕ್ಕ ಹಾಕಿಯೇ ರುಜು ಹಾಕಬೇಕಲ್ಲವೇ? ಮರಿಯ ಬೆಲೆಯನ್ನು ಕೇಳುವ ನಾವು ಹನ್ನೆರಡು, ಹದಿನಾಲ್ಕು ವರ್ಷಗಳ ಆರೈಕೆಯ ವೆಚ್ಚವನ್ನು ಕೇಳುವುದಿಲ್ಲ. ತುರಿಕೆ ಹತ್ತಿದೊಡನೆ ಅದನ್ನು ದೂರದ ಬೀದಿಯಲ್ಲಿ ಬಿಟ್ಟುಬರುವವರನ್ನು ನಾನು ಕಂಡಿದ್ದೇನೆ. ಒಂದು ರಾತ್ರಿ ನಾನೇ ಅಷ್ಟು ದೂರ ಯೋಚಿಸಿದ್ದೆ. ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಸಾಕುನಾಯಿಗಳನ್ನು ಇರಿಸಿಕೊಳ್ಳುವುದನ್ನು ಹೌಸಿಂಗ್ ಸೊಸೈಟಿಗಳು ನಿಷೇಧಿಸಲಾಗದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಈ ಹಕ್ಕನ್ನು ಕೇಳುವವರು ನೆರೆಯವರ ಭಯವನ್ನು ಪರಿಹರಿಸುವ ಕರ್ತವ್ಯವನ್ನೂ ಮಾಡಬೇಕು. ಚಿಗಟ, ಕಜ್ಜಿಗಳ ಚಿಕಿತ್ಸೆ ಮನೆಯ ಮಕ್ಕಳ ಆರೋಗ್ಯಕ್ಕೂ ಸೇರಿದ್ದು. ಈ ವಿಭಾಗದಲ್ಲಿ ಬರೆಯಲು ನಾನು ಧೈರ್ಯ ಮಾಡಿದ್ದು ಇದರಿಂದಲೇ.

ಮುಂಬಯಿಯವರಿಗೆ ಸೌಲಭ್ಯದ ಕೊರತೆಯೂ ಇಲ್ಲ. ಪರೇಲಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿದೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆದಿದೆ. ಕೊರತೆಯಿರುವುದು ಸಕಾಲದಲ್ಲಿ ಹೋಗುವ ಮನಸ್ಸಿನದು. ನಾನು ಎರಡು ತಿಂಗಳ ಕಾಲ ಸಾಬೂನು, ಎಣ್ಣೆ, ಪುಡಿಗಳಿಗೆ ಚೆಲ್ಲಿದ ಹಣ ಪರೀಕ್ಷೆಯ ಶುಲ್ಕಕ್ಕಿಂತ ಹೆಚ್ಚಾಗಿತ್ತೆಂಬುದನ್ನು ಬ್ಯಾಂಕಿನವನಾಗಿ ಒಪ್ಪಿಕೊಳ್ಳಲೇಬೇಕು.

ಸಂಘದ ಮುಂದೆ ನನ್ನದೊಂದು ಬಿನ್ನಹವಿದೆ. ವರ್ಷವರ್ಷವೂ ನಾವು ಕಣ್ಣಿನ ತಪಾಸಣೆ, ರಕ್ತದಾನಗಳ ಶಿಬಿರ ನಡೆಸುತ್ತೇವೆ. ಮುಂದಿನ ವರ್ಷ ಬೇರೊಂದು ಭಾನುವಾರ ಒಬ್ಬ ಪಶುವೈದ್ಯರನ್ನು ಕರೆಸಿ, ಎರಡು ಗಂಟೆಯ ಕಾಲ ಸಾಕುನಾಯಿಗಳ ಚರ್ಮದ ತಪಾಸಣೆಯನ್ನೂ ಮನೆಯವರಿಗೆ ಉಪದೇಶವನ್ನೂ ಏರ್ಪಡಿಸಬಹುದು. ಅದರ ಮೊದಲ ವರ್ಷದ ವೆಚ್ಚವನ್ನು ನಾನು ಸಂತೋಷದಿಂದ ಭರಿಸುವೆನು.

ಬೆಳ್ಳಿಯ ಸುದ್ದಿಯನ್ನು ಹೇಳಿ ಮುಗಿಸುತ್ತೇನೆ. ಮೂರನೆಯ ತಿಂಗಳ ಹೊತ್ತಿಗೆ ಬಾಲದ ಬುಡದಲ್ಲಿ ಕೂದಲು ಮರಳಿತು. ಚಿಗಟದ ಔಷಧ ಕೊಡುವ ದಿನವನ್ನು ನನ್ನ ಮಗಳು ಅಡಿಗೆಮನೆಯ ಪಂಚಾಂಗದಲ್ಲಿ ಗುರುತು ಹಾಕುತ್ತಾಳೆ. ಮಳೆಗಾಲದಲ್ಲಿ ಒಮ್ಮೊಮ್ಮೆ ತುರಿಕೆ ಬರುವುದುಂಟು. ಬಂದೊಡನೆ ಒದ್ದೆ ಕಾಗದ ಹಿಡಿಯುತ್ತೇವೆ, ಬೇಕಾದರೆ ವೈದ್ಯರಲ್ಲಿಗೆ ಹೋಗುತ್ತೇವೆ. ಆದರೂ ನಾನು ಸಂಜೆ ಬಂದು ವೃತ್ತಪತ್ರಿಕೆಯನ್ನು ಮಡಿಸಿ ಎತ್ತಿಕೊಂಡರೆ ಅದು ಇಂದಿಗೂ ಮೆಲ್ಲನೆ ಎದ್ದು ಮಂಚದಡಿಗೆ ಸರಿಯುತ್ತದೆ. ಅದರ ಚರ್ಮ ವಾಸಿಯಾಯಿತು. ಆ ಭಯ ಪೂರ್ತಿ ವಾಸಿಯಾಗಿಲ್ಲ. ಈಗ ನಾನು ಪತ್ರಿಕೆಯನ್ನು ಬಿಡಿಸಿ, ನೆಲದ ಮೇಲೆ ಹರಡಿಕೊಂಡು ಓದುತ್ತೇನೆ. ತಮ್ಮ ಮನೆಗಳಲ್ಲಿ ಯಾರಿಗೂ ಇಂತಹ ಪಶ್ಚಾತ್ತಾಪ ಬಾರದಿರಲಿ ಎಂಬುದೇ ಈ ಲೇಖನದ ಉದ್ದೇಶ.